ಮುದ್ದೆ ಬಿಟ್ಟ ಮೇಡಂ

ಹೋದ ತಿಂಗಳು ಹಳೆಯ ಶಾಲೆಯಿಂದ ಫೋನ್ ಬಂತು. ಗಣಿತದ ಮೇಡಂ ನಿವೃತ್ತರಾಗುತ್ತಿದ್ದಾರೆ, ಅವರ ಜೊತೆ ಕೆಲಸ ಮಾಡಿದವರಲ್ಲಿ ಉಳಿದವರು ಕಡಿಮೆ, ನೀವು ಬಂದು ನಾಲ್ಕು ಮಾತಾಡಬೇಕು ಎಂದರು. ಹೋದೆ. ಮಾತಾಡಿದೆ. ಮೇಡಂ ಒಂದು ದಿನವೂ ತಡವಾಗಿ ಬಂದವರಲ್ಲ, ಅವರ ಕೈಯಲ್ಲಿ ಕಲಿತ ಮಕ್ಕಳಿಗೆ ಲೆಕ್ಕವೆಂದರೆ ಭಯವಿರುತ್ತಿರಲಿಲ್ಲ, ಹೀಗೆ ಏನೇನೋ. ಅವರು ವೇದಿಕೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. ನಾನು ಹೇಳಬೇಕಾದದ್ದು ಬೇರೆ ಇತ್ತು. ಹಾರ, ಶಾಲು, ಹಣ್ಣಿನ ಬುಟ್ಟಿಯ ನಡುವೆ ಅದನ್ನು ಹೇಳಲು ಬಾಯಿ ಬರಲಿಲ್ಲ. ಮನೆಗೆ ಬಂದ ಮೇಲೆ ಬರೆಯಲು ಕೂತೆ. ಹೆಸರು ಬರೆಯುವುದಿಲ್ಲ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ, ಗೊತ್ತಿಲ್ಲದವರಿಗೆ ಹೆಸರಿನಿಂದ ಆಗಬೇಕಾದದ್ದೇನೂ ಇಲ್ಲ.

ಕನ್ನಡದ ಟೀಚರಾಗಿ ಆ ಶಾಲೆಗೆ ಸೇರಿದಾಗ ನನಗೆ ಇಪ್ಪತ್ತಾರು. ಎಲ್ಲರ ಕೈಗೂ ಆಗಷ್ಟೇ ಮೊಬೈಲು ಬರುತ್ತಿದ್ದ ಕಾಲ. ಶಾಲೆ ಹೊನ್ನವಳ್ಳಿಯಿಂದ ಆಚೆ; ನಮ್ಮಿಬ್ಬರ ಮನೆಯೂ ತಿಪಟೂರಿನಲ್ಲಿ. ಮೊದಲ ದಿನ ಬಸ್ಸು ಹತ್ತಿದಾಗ ಇಬ್ಬರು ಕೂರುವ ಸೀಟಿನಲ್ಲಿ ಒಬ್ಬರೇ ತುಂಬಿಕೊಂಡು ಕೂತಿದ್ದರು. ಎತ್ತರದ ಆಳು, ಭಾರಿ ಮೈ, ಕುಂಕುಮ ದೊಡ್ಡದು. ನಾನು ಕಂಬಿ ಹಿಡಿದು ನಿಂತದ್ದನ್ನು ನೋಡಿ ಕಿಟಕಿಯ ಕಡೆಗೆ ಒತ್ತಿಕೊಂಡರು.

"ಕೂತ್ಕೊಳ್ಳೇ, ಹೊಸಬಳು ಅಲ್ವಾ ನೀನು? ಒಂದೂವರೆ ನಂದು, ಅರ್ಧ ನಿಂದು. ಕೂಡಿದ್ರೆ ಎರಡು. ಲೆಕ್ಕ ಸರಿ ಹೋಯ್ತಲ್ಲ."

ಅರ್ಧ ಸೀಟಿನಲ್ಲಿ, ಒಂದು ಕಾಲು ದಾರಿಗೆ ಚಾಚಿಕೊಂಡು, ಮೂರು ವರ್ಷ ಅವರ ಪಕ್ಕ ಕೂತು ಓಡಾಡಿದೆ. ಶಾಲೆಯಲ್ಲಿ ಮೇಡಂ ಎನ್ನುತ್ತಿದ್ದೆ, ಬಸ್ಸಿನಲ್ಲಿ ಅಕ್ಕ.

ಅವರು ಊಟ ತರುತ್ತಿದ್ದದ್ದು ನಾಲ್ಕು ಡಬ್ಬಿಯ ಕ್ಯಾರಿಯರಿನಲ್ಲಿ. ಮೇಲಿನದರಲ್ಲಿ ಪಲ್ಯ, ಕೆಳಗೆ ಸಾರು, ಅದರ ಕೆಳಗೆ ಅನ್ನ, ತಳದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎರಡು ಮುದ್ದೆ. ಅವರ ಅತ್ತೆ ಬೆಳಗಾಗುವ ಮೊದಲೇ ಎದ್ದು ತಿರುವಿ ಕಟ್ಟುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಕ್ಯಾರಿಯರ್ ಬಿಚ್ಚಿದರೆ ಎಲ್ಲರ ತಟ್ಟೆಗೂ ಅದರಲ್ಲಿ ಪಾಲು. ಹುರುಳಿ ಬಸ್ಸಾರು ತಂದ ದಿನ ಹೆಡ್‌ಮಾಸ್ಟರೂ ತಮ್ಮ ಕೋಣೆಯಿಂದ ಎದ್ದು ಬರುತ್ತಿದ್ದರು. ಮೇಡಂ ಮುದ್ದೆ ಮುರಿದು, ಬೆರಳಲ್ಲಿ ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ ಗುಳುಕ್ಕನೆ ನುಂಗುತ್ತಿದ್ದರು. ನಾನು ಬಯಲುಸೀಮೆಯಲ್ಲಿ ಹುಟ್ಟಿಯೂ ಮುದ್ದೆಯನ್ನು ಅಗಿಯುತ್ತಿದ್ದವಳು. "ಮುದ್ದೆ ಅಗಿದ್ರೆ ಮುದ್ದೆಗೆ ಅವಮಾನ ಕಣೇ" ಎಂದು ಗದರುತ್ತಿದ್ದರು.

ಒಂದು ಸಂಜೆ ಬಸ್ಸಿನಲ್ಲಿ ಅವರಿಗೆ ನಿದ್ದೆ ಬಂತು. ಗೊರಕೆ ಜೋರಾಗಿತ್ತು, ಹಿಂದಿನ ಸೀಟಿನವರು ನಗುತ್ತಿದ್ದರು. ಇದ್ದಕ್ಕಿದ್ದಂತೆ ಗೊರಕೆ ನಿಂತಿತು. ಉಸಿರೂ ನಿಂತಿತು. ನಾನು ಕಾದೆ. ಎದೆ ಏಳಲಿಲ್ಲ. ಅಲುಗಿಸಬೇಕೆಂದು ಕೈ ಎತ್ತುವಷ್ಟರಲ್ಲಿ ಬಾವಿಯೊಳಗಿಂದ ಮೇಲೆ ಬಂದವರಂತೆ ಬಾಯಿ ತೆರೆದು ಉಸಿರೆಳೆದುಕೊಂಡು ಕಣ್ಣು ಬಿಟ್ಟರು. ನನ್ನ ಮುಖ ನೋಡಿ ಅವರಿಗೇ ಗೊತ್ತಾಯಿತು.

"ನಿಂತಿತ್ತಾ?"

"ಹೂಂ ಅಕ್ಕ."

"ಮನೇಲೂ ಹಂಗೇ ಆಗ್ತದಂತೆ. ನಮ್ಮ ಯಜಮಾನ್ರು ರಾತ್ರಿಯೆಲ್ಲ ಎದ್ದು ಕೂತಿರ್ತಾರೆ." ಸ್ವಲ್ಪ ಹೊತ್ತು ಹೊರಗೆ ತೋಟಗಳನ್ನು ನೋಡುತ್ತಿದ್ದರು. "ನಮ್ಮವ್ವನೂ ನನ್ನಂಗೇ ಇದ್ಲು. ಒಂದಿನ ಎಬ್ಬಿಸಕ್ಕೆ ಹೋದ್ರೆ ತಣ್ಣಗಿದ್ಲು. ನಲವತ್ತೈದು ಅವಳಿಗೆ. ನನಗೀಗ ನಲವತ್ನಾಲ್ಕು."

ಅವರು ಏನೇನು ಮಾಡಿದ್ದರೆಂದು ಆಮೇಲೆ ಹೇಳಿದರು. ಬೆಳಗ್ಗೆ ಕಾಲೇಜು ಮೈದಾನದಲ್ಲಿ ನಡೆದದ್ದು, ಮಂಡಿ ಊದಿ ನಿಲ್ಲಿಸಿದ್ದು. ರಾತ್ರಿ ಊಟ ಬಿಟ್ಟದ್ದು. ಯಾರೋ ಹೇಳಿದರೆಂದು ಹುರುಳಿ ಬೇಯಿಸಿದ ನೀರನ್ನೇ ಎರಡು ತಿಂಗಳು ಕುಡಿದದ್ದು. ಇಳಿದದ್ದಕ್ಕಿಂತ ಜಾಸ್ತಿ ಮತ್ತೆ ಏರಿತ್ತು. ಸಕ್ಕರೆ ಕಾಯಿಲೆ ಬೇರೆ ಶುರುವಾಗಿತ್ತು.

ಫೆಬ್ರವರಿಯ ಒಂದು ಬೆಳಿಗ್ಗೆ ಬಸ್ಸಿನಲ್ಲಿ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದರು, "ಬೇಸಿಗೆ ರಜದಲ್ಲಿ ಬೆಂಗ್ಳೂರಿಗೆ ಹೋಗಿ ಹೊಟ್ಟೆ ಚಿಕ್ಕದು ಮಾಡಿಸ್ಕೊಂಡು ಬತ್ತೀನಿ."

ನಾನು ತಮಾಷೆ ಎಂದು ನಕ್ಕೆ. ಅವರು ನಗಲಿಲ್ಲ. ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ತೆಗೆಯುತ್ತಾರೆ, ಬಾಳೆಕಾಯಿಯಷ್ಟು ಉದ್ದದ, ಅಷ್ಟೇ ದಪ್ಪದ ಒಂದು ಚೀಲ ಉಳಿಸುತ್ತಾರೆ, ಅದರಲ್ಲಿ ಹಿಡಿಯುವುದು ಒಂದು ಬಟ್ಟಲು ಊಟ ಎಂದು ವಿವರಿಸಿದರು. ಅಂಥದ್ದೊಂದು ಆಪರೇಷನ್ ಇದೆಯೆಂದೇ ನಾನು ಕೇಳಿರಲಿಲ್ಲ.

"ನಮ್ಮ ಯಜಮಾನ್ರಿಗೆ ಗೊತ್ತು, ನಿನಗೆ ಗೊತ್ತು. ಇನ್ನೊಬ್ಬರಿಗೆ ಗೊತ್ತಾಗಬಾರದು. ನಮ್ಮತ್ತೆಗೂ. ಪಿತ್ತಕೋಶದಲ್ಲಿ ಕಲ್ಲು ಅಂತ ಹೇಳಿದೀವಿ. ಆಣೆ ಮಾಡು."

"ಯಾಕಕ್ಕ, ಹೇಳಿದ್ರೇನಾಗ್ತದೆ?"

"ತಿಂದು ತಿಂದು ಕೊಬ್ಬಿ, ಈಗ ಹೊಟ್ಟೆ ಕೊಯ್ಸ್ಕೊಂಡ್ಲು ಅಂತಾರೆ. ಕ್ಲಾಸಲ್ಲಿ ಮಕ್ಕಳ ಮುಂದೆ ಹೆಂಗೇ ನಿಂತ್ಕೊಳ್ಳಲಿ?"

ಅವರ ಅಂಗೈ ಮೇಲೆ ಕೈಯಿಟ್ಟು ಆಣೆ ಮಾಡಿದೆ.

ಶಾಲೆ ಮತ್ತೆ ತೆರೆದ ದಿನ ಬಂದರು. ಮುಖ ಚಿಕ್ಕದಾಗಿತ್ತು, ರವಿಕೆಯ ತೋಳು ಜೋಲುತ್ತಿತ್ತು. ಕ್ಯಾರಿಯರ್ ಅದೇ ಇತ್ತು, ನಾಲ್ಕು ಡಬ್ಬಿ. ನಮಗೆಲ್ಲ ಬಡಿಸಿ, ತಾವು ಚೀಲದಿಂದ ಮಗುವಿನ ಬಟ್ಟಲಿನಂಥ ಒಂದು ಸ್ಟೀಲ್ ಬಟ್ಟಲು ತೆಗೆದು, ಗಿವುಚಿದ ಬೇಳೆ, ಎರಡು ಚೂರು ಬೆಂದ ಮೊಟ್ಟೆಯ ಬಿಳಿ ಹಾಕಿಕೊಂಡರು. ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ಚಹಾ ಚಮಚದಲ್ಲಿ ಒಂದು ತುತ್ತು. ಇಪ್ಪತ್ತೈದು ಸಲ ಅಗಿಯಬೇಕು; ಹೆಬ್ಬೆರಳಿನಿಂದ ಬೆರಳಿನ ಗೆಣ್ಣು ಎಣಿಸುತ್ತಾ ಅಗಿಯುತ್ತಿದ್ದರು. ಊಟದ ಜೊತೆ ನೀರು ಕುಡಿಯುವಂತಿಲ್ಲ, ಅರ್ಧ ಗಂಟೆ ಮುಂಚೆ ನಿಲ್ಲಿಸಬೇಕು, ಅರ್ಧ ಗಂಟೆ ಬಿಟ್ಟು ಗುಟುಕರಿಸಬೇಕು. ಮೊದಲು ಮೊಟ್ಟೆ, ಬೇಳೆ, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ. ಮುದ್ದೆಯಂತೂ ದೂರವೇ. "ಅಂಟು ಕಣೇ ಅದು. ಅಗಿಯೋ ಹಂಗೂ ಇಲ್ಲ, ನುಂಗೋ ಹಂಗೂ ಇಲ್ಲ" ಎಂದರು. ಇಷ್ಟನ್ನೂ ಆಸ್ಪತ್ರೆಯವರು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದರು. ಅದು ಅವರ ವ್ಯಾನಿಟಿ ಬ್ಯಾಗಿನ ಒಳಖಾನೆಯಲ್ಲಿ ನಾಲ್ಕು ಮಡಿಕೆಯಾಗಿ ಇರುತ್ತಿತ್ತು.

ಜೂನ್ ತಿಂಗಳು ಚೆನ್ನಾಗಿಯೇ ಹೋಯಿತು. ಸಕ್ಕರೆಯ ಮಾತ್ರೆ ನಿಂತಿತು. ಮಹಡಿಯ ಮೇಲಿನ ಹತ್ತನೇ ತರಗತಿಗೆ ನಡುವೆ ನಿಲ್ಲದೆ ಹತ್ತಿ ಹೋದರು. ಮೆಟ್ಟಿಲ ಮೇಲಿಂದ ಕೆಳಗೆ ನಿಂತಿದ್ದ ನನ್ನನ್ನು ನೋಡಿ ಹುಬ್ಬು ಹಾರಿಸಿದರು. ಬಸ್ಸಿನಲ್ಲಿ ನಿದ್ದೆ ಬಂದರೆ ಉಸಿರು ನಿಲ್ಲುತ್ತಿರಲಿಲ್ಲ. ನಾನು ಮಾತ್ರ ಅಭ್ಯಾಸಬಲದಿಂದ ಕಾಯುತ್ತಿದ್ದೆ. ನಮಗೆ ಬಡಿಸುವಾಗ ಮಾತ್ರ ಅವರು ಸಾರಿನ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು ಒಂದು ಗಳಿಗೆ ಹಾಗೇ ಇರುತ್ತಿದ್ದರು.

"ಹಸಿವಾಗ್ತದಾ ಅಕ್ಕ?"

"ಹಸಿವು ಸತ್ತೋಗೈತೆ. ಆಸೆ ಐತಲ್ಲ, ಅದನ್ನ ಕತ್ತರಿಸಿ ತೆಗೆಯಕ್ಕೆ ಯಾವ ಡಾಕ್ಟ್ರಿಗೂ ಬರಲ್ಲ ಬುಡು."

ಜುಲೈ ಮೊದಲಲ್ಲಿ ಒಂದು ಮಧ್ಯಾಹ್ನ ಊಟದ ನಡುವೆ ಎದ್ದು ಹೋದರು. ಬಹಳ ಹೊತ್ತಾದರೂ ಬರಲಿಲ್ಲ. ಹುಡುಕಿಕೊಂಡು ಹೋದೆ. ಶಾಲೆಯ ಹಿಂದೆ, ತೆಂಗಿನ ಬುಡದಲ್ಲಿ, ಮರಕ್ಕೆ ಕೈ ಕೊಟ್ಟು ಬಗ್ಗಿದ್ದರು. ಬಾಯಿಂದ ಜೊಲ್ಲು ಎಳೆಯಾಗಿ ಇಳಿಯುತ್ತಿತ್ತು, ಕಣ್ಣಲ್ಲಿ ನೀರು. ಎದೆಯಲ್ಲಿ ಕಲ್ಲು ಸಿಕ್ಕಿಕೊಂಡಂತೆ ಆಗುತ್ತದೆ, ವಾಂತಿಯಾದರೆ ಮಾತ್ರ ಬಿಡುತ್ತದೆ ಎಂದರು. ಆವತ್ತಿನಿಂದ ಅದು ದಿನವೂ ಆಯಿತು. ಮೊದಲು ಊಟದ ಮೇಲೆ, ಆಮೇಲೆ ಗಂಜಿ ಕುಡಿದರೂ, ಆಮೇಲೆ ಬರೀ ನೀರಿಗೂ. ಆಸ್ಪತ್ರೆಯವರು ತಪ್ಪಿಸಬೇಡಿ ಎಂದಿದ್ದ ವಿಟಮಿನ್ ಗುಳಿಗೆಗಳನ್ನು ನುಂಗಿದರೆ ಇನ್ನೂ ಜಾಸ್ತಿ ಎಂದು ಬಿಟ್ಟುಬಿಟ್ಟರು.

ಮನೆಯಲ್ಲಿ ಅವರ ಅತ್ತೆ. ಎಪ್ಪತ್ತು ದಾಟಿದ ಅಜ್ಜಿ, ಒಳ್ಳೆಯ ಜೀವ. ಸೊಸೆ ಕಣ್ಣೆದುರೇ ಕರಗುತ್ತಿರುವುದನ್ನು ನೋಡಿ ಅವರಿಗೆ ನಿದ್ದೆ ಹೋಗಿತ್ತು. ಒಂದು ಭಾನುವಾರ ನಾನು ಹೋದಾಗ ಊಟಕ್ಕೆ ಕೂತಿದ್ದರು, ನನಗೂ ತಟ್ಟೆ ಹಾಕಿದರು. "ನೀನಾರ ಹೇಳವ್ವ ಇವಳಿಗೆ. ಕಲ್ಲು ತೆಗುಸ್ಕೊಂಡೋರು ಊರಲ್ಲಿ ಎಷ್ಟು ಜನ ಇಲ್ಲ, ಯಾರು ಹಿಂಗಾಗವ್ರೆ? ಒಂದೇ ಒಂದು ತುತ್ತು ಮುದ್ದೆ ಉಣ್ಣು ಅಂದ್ರೆ ಮುಖ ತಿರುಗುಸ್ತಾಳೆ" ಎಂದು ನಿಂಬೆಹಣ್ಣಿನಷ್ಟು ಮುದ್ದೆಗೆ ತುಪ್ಪ ಸವರಿ ತಾವೇ ಸೊಸೆಯ ಬಾಯಿಗೆ ಹಿಡಿದರು. ಮೇಡಂ ನನ್ನ ಕಡೆ ಒಂದು ಸಲ ನೋಡಿ ಬಾಯಿ ತೆರೆದರು. ಐದು ನಿಮಿಷಕ್ಕೆ ಹಿತ್ತಲಿಗೆ ಹೋದರು. ಅಜ್ಜಿಗೆ ಕಿವಿ ಮಂದ, ಕೇಳಿಸಲಿಲ್ಲ. ನನಗೆ ಕೇಳಿಸಿತು. ನಾನು ತಟ್ಟೆ ನೋಡಿಕೊಂಡು ಉಣ್ಣುತ್ತಲೇ ಇದ್ದೆ.

ಶಾಲೆಯಲ್ಲಿ ಬೇರೆ ಮಾತು ಹಬ್ಬಿತ್ತು. ಆ ಕಾಲದಲ್ಲಿ ಯಾರಾದರೂ ಕಾರಣವಿಲ್ಲದೆ ಸೊರಗಿದರೆ ಜನರ ಬಾಯಿಗೆ ಬರುತ್ತಿದ್ದದ್ದು ಒಂದೇ ಕಾಯಿಲೆಯ ಹೆಸರು. ಅದನ್ನೂ ಏಡ್ಸ್ ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ, "ಆ ಕಾಯಿಲೆ" ಎನ್ನುತ್ತಿದ್ದರು. ಒಂದು ದಿನ ಸ್ಟಾಫ್ ರೂಮಿನ ನೀರಿನ ಫಿಲ್ಟರಿನ ಪಕ್ಕ ಎಲ್ಲರ ಲೋಟಗಳೂ ಒಂದು ಕಡೆ, ಮೇಡಂ ಲೋಟ ಒಂದೇ ಇನ್ನೊಂದು ಕಡೆ ಇತ್ತು. ಕ್ಯಾರಿಯರ್ ಬಿಚ್ಚಿದರೆ ಒಬ್ಬರಿಗೆ ಉಪವಾಸ, ಇನ್ನೊಬ್ಬರಿಗೆ ಹೊಟ್ಟೆ ಸರಿಯಿಲ್ಲ. ಹುರುಳಿ ಬಸ್ಸಾರು ಇದ್ದರೂ ಹೆಡ್‌ಮಾಸ್ಟರು ಎದ್ದು ಬರಲಿಲ್ಲ. ಬಸ್ಸಿನಲ್ಲಿ ನಾನು ಅತ್ತುಬಿಟ್ಟೆ.

"ಈಗಲಾದ್ರೂ ಹೇಳಿಬಿಡಿ ಅಕ್ಕ. ಏನೇನೋ ಅಂತಿದ್ದಾರೆ."

"ಗೊತ್ತು. ಅನ್ನಲಿ. ತಿಂದು ಕೊಬ್ಬಿದವಳು ಅನ್ನಿಸ್ಕೊಳ್ಳೋದಕ್ಕಿಂತ ಅದೇ ವಾಸಿ."

ಎಷ್ಟು ವರ್ಷಗಳ ನಗು ಆ ಮಾತಿನ ಹಿಂದೆ ಇತ್ತೋ. ಬಸ್ಸಿನವರ ನಗು, ನೆಂಟರ ನಗು, ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ ಬಡಿಸುವವರ ನಗು.

ಮೂರನೇ ತಿಂಗಳಿಗೆ ಬೆಂಗಳೂರಿಗೆ ಹೋಗಿ ತೋರಿಸಬೇಕಿತ್ತು. ಕಿರುಪರೀಕ್ಷೆ ಮುಗಿಯಲಿ ಎಂದರು. ಅಷ್ಟರಲ್ಲಿ ಅವರ ಯಜಮಾನರು ಅಮರನಾಥ ಯಾತ್ರೆಗೆ ಹೊರಡುವುದಿತ್ತು. ಹಲವು ವರ್ಷದ ಹರಕೆ. ಹೆಂಡತಿ ವಾಂತಿ ಮಾಡಿಕೊಳ್ಳುತ್ತಿರುವುದು ಅವರಿಗೆ ಗೊತ್ತಿರಲಿಲ್ಲ, ತೂಕ ಇಳಿಯುತ್ತಿರುವುದಕ್ಕೆ ಖುಷಿಯಲ್ಲಿದ್ದರು. ಅವರು ಹೊರಡುವ ಹಿಂದಿನ ದಿನ ನಾನು ತಡೆಯಲಾರದೆ ಅವರ ಗೊಬ್ಬರದಂಗಡಿಗೆ ಹೋದೆ. "ಏನ್ ಮೇಡಮ್ಮೋರೇ, ಬನ್ನಿ ಬನ್ನಿ" ಎಂದು ಸ್ಟೂಲು ಎಳೆದು ಹಾಕಿದರು. ಬಾಯಿ ತೆರೆದೆ. ಅಂಗೈಯ ಮೇಲೆ ಮಾಡಿದ ಆಣೆ ನೆನಪಾಯಿತು.

"ಗುಲಾಬಿ ಗಿಡಕ್ಕೆ ಹಾಕೋ ಗೊಬ್ಬರ ಇದೆಯಾ ಅಂತ ಬಂದೆ" ಎಂದೆ.

ನಮ್ಮ ಮನೆಯಲ್ಲಿ ಗುಲಾಬಿ ಗಿಡವೇ ಇರಲಿಲ್ಲ. ಒಂದು ಕೇಜಿ ಗೊಬ್ಬರ ಹಿಡಿದುಕೊಂಡು ಮನೆಗೆ ಬಂದೆ.

ಯಜಮಾನರು ಯಾತ್ರೆಗೆ ಹೋದ ಐದನೆಯ ದಿನ, ಗುರುವಾರ, ಪಕ್ಕದ ತರಗತಿಯಲ್ಲಿ ಪಾಠ ಮಾಡುತ್ತಿದ್ದ ನನಗೆ ಮೇಡಂ ತರಗತಿಯಿಂದ ಸದ್ದೇ ಬರುತ್ತಿಲ್ಲ ಅನ್ನಿಸಿತು. ಬಾಗಿಲಿಗೆ ಹೋಗಿ ನೋಡಿದೆ. ಕಪ್ಪು ಹಲಗೆಯ ಮೇಲೆ ತ್ರಿಭುಜ ಬರೆಯುತ್ತಿದ್ದರು. ಮೂರನೆಯ ಗೆರೆ ಮೊದಲ ಗೆರೆಯನ್ನು ಮುಟ್ಟಲಿಲ್ಲ. ಒರೆಸಿದರು, ಮತ್ತೆ ಬರೆದರು, ಗೆರೆ ಇನ್ನೂ ದೂರ ಹೋಯಿತು. ಕೈವಾರವಿಲ್ಲದೆ ವೃತ್ತ ಬರೆದು ಎಲ್ಲರನ್ನೂ ಬೆರಗುಗೊಳಿಸುತ್ತಿದ್ದ ಕೈ ಅದು. ಒಂದು ಕಣ್ಣು ಮುಚ್ಚಿಕೊಂಡು ಬರೆಯಲು ನೋಡಿದರು. ಮಕ್ಕಳು ನಗಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು.

"ಎರಡೆರಡು ಕಾಣ್ತಾ ಐತೆ ಕಣೇ. ನಿದ್ದೆ ಸಾಲದು" ಎಂದರು. ಗೋಡೆ ಹಿಡಿದುಕೊಂಡು, ಕಾಲು ಅಗಲಿಸಿ, ದೋಣಿಯಲ್ಲಿ ನಡೆಯುವವರಂತೆ ಬಂದರು.

ಹೆಡ್‌ಮಾಸ್ಟರಿಗೆ ಹೇಳಿ ಮಧ್ಯಾಹ್ನದ ಬಸ್ಸಿಗೇ ಕರೆದುಕೊಂಡು ಹೊರಟೆ. ದಾರಿಯಲ್ಲಿ ಕೇಳಿದರು, "ಇವತ್ತು ಯಾವ ವಾರವೇ?"

"ಗುರುವಾರ ಅಕ್ಕ."

ಹೊನ್ನವಳ್ಳಿ ದಾಟಿದ ಮೇಲೆ ಮತ್ತೆ, "ಇವತ್ತು ಯಾವ ವಾರ?" ಹೇಳಿದೆ. ತಿಪಟೂರು ಹತ್ತಿರ ಬಂದಾಗ ಮೂರನೆಯ ಸಲ ಕೇಳಿದರು. ದಿನದ ವಾರ, ತಿಥಿ, ಪರೀಕ್ಷೆಯ ತಾರೀಖು ಎಲ್ಲ ಬಾಯಲ್ಲೇ ಇಟ್ಟುಕೊಂಡಿರುತ್ತಿದ್ದವರು. ನಾನು ಅವರ ಕೈ ಹಿಡಿದು ಕೂತೆ. ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಕಡೆಯ ಮೆಟ್ಟಿಲು ಅವರಿಗೆ ಎಲ್ಲಿ ಕಂಡಿತೋ, ಕಾಲನ್ನು ಗಾಳಿಯಲ್ಲಿಟ್ಟು ಬಿದ್ದರು.

ಆಟೋದಲ್ಲಿ ಹತ್ತಿರದ ನರ್ಸಿಂಗ್ ಹೋಮಿಗೆ ಕರೆದೊಯ್ದೆ. ಡಾಕ್ಟರು ವಯಸ್ಸಾದ ಹೆಂಗಸು, ಊರಲ್ಲಿ ಒಳ್ಳೆಯ ಹೆಸರು. ಅಜ್ಜಿಗೆ ಹೇಳಿ ಕಳಿಸಿದೆ. ಸೆರಗಿನ ಚುಂಗನ್ನು ಬಾಯಿಗಿಟ್ಟುಕೊಂಡು ಓಡೋಡಿ ಬಂದರು. ಡಾಕ್ಟರು ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು. ಮೇಡಂ ಕಣ್ಣುಗುಡ್ಡೆ ಒಂದು ಕಡೆ ನಿಲ್ಲದೆ ನಡುಗುತ್ತಿತ್ತು.

"ಆಪರೇಷನ್ ಏನಾದ್ರೂ ಆಗಿದೆಯಾ?"

"ಆಗೈತೆ ಕಣ್ರೀ ಡಾಕ್ಟ್ರೇ," ಅಜ್ಜಿ ಹೇಳಿದರು. "ಬ್ಯಾಸ್ಗೇಲಿ ಬೆಂಗ್ಳೂರಲ್ಲಿ ಪಿತ್ತಕೋಶದ ಕಲ್ಲು ತೆಗುಸ್ಕೊಂಡ್ಲು. ಅವತ್ತಿಂದ ಉಣ್ಣಾದೇ ಇಲ್ಲ."

ಮೇಡಂ ಕೈ ಮಂಚದ ಮೇಲೆ ತಡಕಾಡಿ ನನ್ನ ಮಣಿಕಟ್ಟನ್ನು ಹಿಡಿದುಕೊಂಡಿತು. ಬಿಗಿಯಾಗಿ. ಹೇಳಬೇಡ ಎನ್ನುತ್ತಿದ್ದಾರೆ ಎಂದುಕೊಂಡೆ. ಬಾಯಿ ಮುಚ್ಚಿಕೊಂಡೆ.

"ತುಂಬ ನಿತ್ರಾಣ ಆಗಿದ್ದಾರೆ. ಮೊದಲು ಗ್ಲೂಕೋಸ್ ಹಾಕೋಣ. ಆಮೇಲೆ ತುಮಕೂರಿಗೆ ಕಳಿಸಿ ತಲೆ ಸ್ಕ್ಯಾನ್ ಮಾಡಿಸೋಣ" ಎಂದು ನರ್ಸಿಗೆ ಹೇಳಿ ಡಾಕ್ಟರು ಪಕ್ಕದ ರೋಗಿಯ ಹತ್ತಿರ ಹೋದರು.

ನಾನು ಕೈ ಬಿಡಿಸಿಕೊಂಡು ಜಗುಲಿಗೆ ಬಂದು ಅವರ ಯಜಮಾನರಿಗೆ ಫೋನ್ ಮಾಡಿದೆ. ಹೋಗಲಿಲ್ಲ. ಕಾಶ್ಮೀರದಲ್ಲಿ ನಮ್ಮ ಕಡೆಯ ಸಿಮ್ ನಡೆಯುವುದಿಲ್ಲವೆಂದು ಆಗ ನನಗೇನು ಗೊತ್ತು. ಆರು ಸಲ, ಏಳು ಸಲ ಒತ್ತಿದೆ. ಅವರೇ ಹೇಳಲಿ, ಹೇಳುವ ಹಕ್ಕಿದ್ದವರು ಹೇಳಲಿ ಎಂದು. ಆಸ್ಪತ್ರೆಯ ಮುಂದೆ ಕೊಬ್ಬರಿ ಚೀಲ ಹೇರಿದ ಲಾರಿಯೊಂದು ರಸ್ತೆ ಕಟ್ಟಿ ನಿಂತು ಹಾರ್ನ್ ಹೊಡೆಯುತ್ತಿತ್ತು. ಒಳಗೆ ಬಂದಾಗ ನರ್ಸು ಬಾಟಲಿಯನ್ನು ಕಂಬಿಗೆ ತೂಗುಹಾಕಿ ರಕ್ತನಾಳ ಹುಡುಕುತ್ತಿದ್ದಳು. ಎರಡು ಸಲ ಚುಚ್ಚಿದಳು, ಸಿಗಲಿಲ್ಲ. ಮೂರನೆಯದಕ್ಕೆ ಕೈ ಉಜ್ಜುತ್ತಿದ್ದಳು. ಅಜ್ಜಿ ಸೊಸೆಯ ಪಾದ ಒತ್ತುತ್ತಾ, "ಇದೊಂದು ಬಾಟ್ಲಿ ಹೋದ್ರೆ ಎದ್ದು ಕೂರ್ತೀಯ ಕಣವ್ವ, ಮನೆಗೋಗಿ ಬಿಸಿ ಮುದ್ದೆ ತಿರುವಿ ಕೊಡ್ತೀನಿ" ಎನ್ನುತ್ತಿದ್ದರು.

ಗ್ಲೂಕೋಸಿನ ವಿಷಯ ನನಗೇನೂ ತಿಳಿಯದು. ಆ ಮುದ್ದೆಯ ಮಾತು ಕೇಳಿ ನನ್ನಿಂದ ತಡೆಯಲಾಗಲಿಲ್ಲ, ಅಷ್ಟೇ.

"ಕಲ್ಲಲ್ಲ ಡಾಕ್ಟ್ರೇ," ಜೋರಾಗಿ ಕೂಗಿಬಿಟ್ಟೆ. ಡಾಕ್ಟರು ತಿರುಗಿದರು. "ಕಲ್ಲಲ್ಲ. ತೂಕ ಇಳಿಯಕ್ಕೆ ಹೊಟ್ಟೆ ಕತ್ತರಿಸಿ ಚಿಕ್ಕದು ಮಾಡಿದ್ದಾರೆ. ಮೂರು ವಾರದಿಂದ ಏನು ತಿಂದ್ರೂ ನಿಲ್ತಾ ಇಲ್ಲ. ವಿಟಮಿನ್ ಗುಳಿಗೆ ಬಿಟ್ಟಿದ್ದಾರೆ."

ಡಾಕ್ಟರು ನರ್ಸಿನ ಕಡೆ ಕೈ ಮಾಡಿದರು. "ನಿಲ್ಸು. ಆ ಬಾಟ್ಲಿ ಇಳಿಸು."

ವ್ಯಾನಿಟಿ ಬ್ಯಾಗಿನಿಂದ ಆಸ್ಪತ್ರೆಯ ಹಾಳೆ ತೆಗೆದುಕೊಟ್ಟೆ. ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿ ಡಾಕ್ಟರು ನಿಂತೇ ಮಾತಾಡಿದರು. ಎದುರಿನ ಮೆಡಿಕಲ್ ಸ್ಟೋರಿಂದ ಇಂಜೆಕ್ಷನ್ ತರಿಸಿದರು. ಅವರು ಆಮೇಲೆ ನನಗೆ ಬಿಡಿಸಿ ಹೇಳಿದ್ದು ಇಷ್ಟು: ವಾರಗಟ್ಟಲೆ ಹೊಟ್ಟೆಯಲ್ಲಿ ಏನೂ ನಿಲ್ಲದೆ ಒಂದು ಬಗೆಯ ಬಿ ವಿಟಮಿನ್ ಮೈಯಲ್ಲಿ ಬರಿದಾಗಿತ್ತು. ಅದಿಲ್ಲದೆ ಕಣ್ಣು, ನಡಿಗೆ, ನೆನಪು ಎಲ್ಲ ಕೆಡುತ್ತದೆ. ಆ ಸ್ಥಿತಿಯಲ್ಲಿ ಮೊದಲು ವಿಟಮಿನ್ ಕೊಡದೆ ಗ್ಲೂಕೋಸ್ ಹರಿಸಿದರೆ ಉಳಿದ ಅಷ್ಟಿಷ್ಟೂ ಖರ್ಚಾಗಿ ಮಿದುಳಿಗೆ ತಿರುಗಿ ಬಾರದ ಪೆಟ್ಟು ಬೀಳಬಹುದಿತ್ತು.

ಅಜ್ಜಿ ಪಾದದ ಮೇಲಿಟ್ಟ ಕೈಯನ್ನು ಹಾಗೇ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು.

ಇಂಜೆಕ್ಷನ್ ಕೊಟ್ಟು ಅಂದೇ ಕಾರಿನಲ್ಲಿ ಬೆಂಗಳೂರಿಗೆ ಕಳಿಸಿದರು. ಹಿಂದಿನ ಸೀಟಿನಲ್ಲಿ ಮೇಡಂ ತಲೆ ಅತ್ತೆಯ ತೊಡೆಯ ಮೇಲೆ, ಕಾಲು ನನ್ನ ತೊಡೆಯ ಮೇಲೆ. ಆ ಕಾಲಿನಲ್ಲಿ ಭಾರವೇ ಇರಲಿಲ್ಲ. ಗುಬ್ಬಿ ಹತ್ತಿರ ಬಂದಾಗ ಅಜ್ಜಿ ಸೊಸೆಯ ಹಣೆಯ ಮೇಲಿನ ಕೂದಲು ಸರಿಸುತ್ತಾ ಕೇಳಿದರು.

"ದಿನಾ ಉಣ್ಣು ಉಣ್ಣು ಅಂತ ಬಾಯಿಗೆ ತುರುಕ್ತಿದ್ನಲ್ಲ ಕಣವ್ವ. ಒಳಗೆ ಜಾಗವೇ ಇರ್ನಿಲ್ವಾ ನನ್ ಕೂಸಿಗೆ?"

ನಾನು ಕೂಡ ಆ ಭಾನುವಾರ ಅಲ್ಲೇ ಕೂತಿದ್ದೆನಲ್ಲ.

ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದರು. ಹೊಸ ಹೊಟ್ಟೆಯ ಚೀಲ ನಡುವೆ ಒಂದು ಕಡೆ ಕಿರಿದಾಗಿತ್ತಂತೆ. ಬಾಯಿಂದಲೇ ಕೊಳವೆ ಇಳಿಸಿ ಅದನ್ನು ಹಿಗ್ಗಿಸಿದರು. ವಾಂತಿ ನಿಂತಿತು. "ನಿಮ್ಮ ಮುದ್ದೆಯಿಂದ ಆದದ್ದಲ್ಲ ಅಜ್ಜಿ" ಎಂದು ಅಲ್ಲಿನ ಡಾಕ್ಟರು ಎಷ್ಟು ಹೇಳಿದರೂ ಅಜ್ಜಿ ನಂಬಲಿಲ್ಲ. ಕಣ್ಣು ಎರಡೇ ದಿನಕ್ಕೆ ನೆಟ್ಟಗಾಯಿತು. ನಡಿಗೆ ಸರಿಹೋಗಲು ಬಹಳ ಕಾಲ ಬೇಕಾಯಿತು. ಆ ಗುರುವಾರದ ಮತ್ತು ಆಸ್ಪತ್ರೆಯಲ್ಲಿದ್ದ ದಿನಗಳ ನೆನಪು ಅವರಿಗೆ ಪೂರ್ತಿ ಮರಳಿ ಬರಲೇ ಇಲ್ಲ.

ಯಾತ್ರೆಯಿಂದ ಓಡಿಬಂದ ಯಜಮಾನರು ನನಗೆ ಕೈಮುಗಿದರು. ಮೇಡಂ ಮಾತ್ರ ನಾನು ನೋಡಲು ಹೋದಾಗ ಗೋಡೆಯ ಕಡೆ ತಿರುಗಿ ಮಲಗಿದರು.

ದಸರೆ ಕಳೆದ ಮೇಲೆ ಕೋಲು ಊರಿಕೊಂಡು ಶಾಲೆಗೆ ಬಂದರು. ಬಸ್ಸಿನಲ್ಲಿ ಮುಂದಿನ ಒಂಟಿ ಸೀಟು ಹಿಡಿದರು. ಕೇಳಿದ್ದಕ್ಕೆ ಹೂಂ, ಉಹೂಂ. ಆಣೆ ಮುರಿದವಳು ನಾನು, ಅನುಭವಿಸಬೇಕು ಎಂದುಕೊಂಡೆ. ಅಷ್ಟರಲ್ಲಿ ತಿಪಟೂರಿಗೆಲ್ಲ ವಿಷಯ ಗೊತ್ತಾಗಿತ್ತು. ಗೊತ್ತು ಮಾಡಿದವರು ಅಜ್ಜಿಯೇ. ಮದುವೆ ಮನೆಯಲ್ಲಿ ಸೊಸೆಯ ಎಲೆಯ ಪಕ್ಕ ನಿಂತು, "ಏ, ಅಷ್ಟು ಬಡಿಸಬ್ಯಾಡ ಕಣಪ್ಪ, ಅವಳದು ಆಪರೇಸನ್ ಹೊಟ್ಟೆ, ಒಂದು ಬಟ್ಲು ಹಿಡೀತೈತೆ ಅಷ್ಟೇ" ಎಂದು ಪಂಕ್ತಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ನಗುವವರು ನಕ್ಕರು. ಸ್ಟಾಫ್ ರೂಮಿನ ಲೋಟಗಳು ಮತ್ತೆ ಒಂದೇ ಕಡೆಗೆ ಬಂದವು. ಆಮೇಲೆ ದಪ್ಪಗಿದ್ದ ಹೆಂಗಸರು ಒಬ್ಬೊಬ್ಬರಾಗಿ, ಹಿತ್ತಲ ಬಾಗಿಲಿಂದ, ಡಾಕ್ಟರ ವಿಳಾಸ ಕೇಳಿಕೊಂಡು ಬರತೊಡಗಿದರಂತೆ. ಮೇಡಂ ಅವರಿಗೆ ಹೇಳುತ್ತಿದ್ದದ್ದನ್ನು ಅಜ್ಜಿಯ ಬಾಯಿಂದ ಕೇಳಿದ್ದೇನೆ: "ಆಪರೇಷನ್ ಒಂದಿನದ್ದು, ಊಟ ದಿನಾ ಇರ್ತದೆ. ಮೊದಲು ಮನೇಲಿ ಎಲ್ರಿಗೂ ಹೇಳ್ರಿ. ಆಮೇಲೆ ಡಾಕ್ಟ್ರ ಹತ್ರ ಹೋಗ್ರಿ."

ಮರುವರ್ಷ ನನಗೆ ಚಿಕ್ಕನಾಯಕನಹಳ್ಳಿಗೆ ವರ್ಗವಾಯಿತು. ಬೀಳ್ಕೊಡುಗೆಯ ದಿನ ಮೇಡಂ ರಜೆ ಹಾಕಿದ್ದರು.

ಕೆಲವು ತಿಂಗಳ ಮೇಲೆ ಒಂದು ಭಾನುವಾರ ಬಾಗಿಲು ಬಡಿದ ಸದ್ದಾಯಿತು. ಹೊರಗೆ ಸಣಕಲು ಹೆಂಗಸೊಬ್ಬರು ನಿಂತಿದ್ದರು. ಮತ್ತಷ್ಟು ಇಳಿದಿದ್ದರು, ಕುಂಕುಮದಿಂದ ಗುರುತು ಹಿಡಿದೆ. ಕೋಲಿರಲಿಲ್ಲ. ಒಬ್ಬರೇ ಬಸ್ಸು ಹತ್ತಿ ಬಂದಿದ್ದರು.

"ಊಟಕ್ಕೇನೇ ಮಾಡಿದೀಯ?"

ಹೆಸರುಬೇಳೆ, ಸೊಪ್ಪು ಬೇಯಿಸಿ ನುಣ್ಣಗೆ ಮಾಡಿ ಬಟ್ಟಲಿಗೆ ಹಾಕಿದೆ. ಹೆಚ್ಚಾಯಿತೇನೋ ಎಂದು ತೆಗೆದೆ, ಕಡಿಮೆಯಾಯಿತೇನೋ ಎಂದು ಮತ್ತೆ ಹಾಕಿದೆ. ಅವರು ಉಣ್ಣತೊಡಗಿದಾಗ ಪ್ರತಿ ತುತ್ತಿಗೂ ಅವರ ಗಂಟಲನ್ನೇ ನೋಡುತ್ತಿದ್ದೆ.

"ನನ್ ಬಾಯಿ ನೋಡಬೇಡ, ನೀನೂ ಉಣ್ಣು."

ಕೂತೆ. ನನ್ನ ತಟ್ಟೆಯಲ್ಲಿ ಅನ್ನ ಕಲಸಿಕೊಂಡೆ, ಬಾಯಿಗೆ ಹೋಗಲಿಲ್ಲ. "ಅಕ್ಕ, ಆವತ್ತು ನಾನು ಹೇಳಬಾರದಿತ್ತು. ತಪ್ಪಾಯ್ತು" ಎಂದೆ.

ಅವರು ಅಗಿಯುತ್ತಿದ್ದದ್ದನ್ನು ಪೂರ್ತಿ ಅಗಿದು ನುಂಗಿದರು.

"ಹೇಳಿದೆ ಅಂತ ನಾನು ಮಾತು ಬಿಟ್ಟೆ ಅಂದ್ಕೊಂಡ್ಯಾ?"

"ಮತ್ತೆ?"

"ಮೂರು ವಾರ ನನ್ ಪಕ್ಕದಲ್ಲಿ ಕೂತಿದ್ದೆ. ಮರ ಹಿಡ್ಕೊಂಡು ಕಕ್ಕೋದನ್ನ ನೋಡ್ದೆ. ನಮ್ಮತ್ತೆ ಮುದ್ದೆ ತಿನ್ನಿಸೋದನ್ನ ನೋಡ್ದೆ. ನಮ್ಮ ಯಜಮಾನ್ರ ಅಂಗಡಿವರೆಗೂ ಹೋಗಿ ಗೊಬ್ಬರ ತಗೊಂಡು ಬಂದ್ಯಂತೆ. ಮೂರು ವಾರ ಹೇಳ್ನಿಲ್ವಲ್ಲೇ."

"ನೀವೇ ಆಣೆ ಹಾಕಿಸಿದ್ರಲ್ಲ ಅಕ್ಕ."

"ಹೂಂ, ಹಾಕಿಸ್ದೆ. ನಾನು ಹಾಕಿಸ್ತೀನಿ ಕಣೇ. ನೀನು ನನ್ ಮಾತು ಕೇಳಬಾರದಿತ್ತು."

ಅನ್ಯಾಯದ ಮಾತು ಎಂದು ನನಗೆ ಅನ್ನಿಸಿತು. ಆದರೆ ಸುಳ್ಳೂ ಅಲ್ಲ. ಕಣ್ಣೊರೆಸಿಕೊಂಡು ತಟ್ಟೆಯಲ್ಲಿದ್ದದ್ದನ್ನು ಉಂಡೆ. ಅವರೂ ಬಟ್ಟಲು ಮುಗಿಸಿದರು.

ಸಂಜೆ ಬಸ್ಸು ಹತ್ತಿಸಲು ಹೋದಾಗ ಕಿಟಕಿಯಿಂದ ಬಗ್ಗಿ, "ಬರೋ ಶನಿವಾರ ಬೆಂಗ್ಳೂರಲ್ಲಿ ಚೆಕಪ್ಪು. ನೀನು ಬಾ" ಎಂದರು. ಕೇಳಿದ್ದಲ್ಲ, ಹೇಳಿದ್ದು.

ಹೋದೆ. ದಾರಿಯುದ್ದಕ್ಕೂ ಮೊದಲಿನಂತೆಯೇ ಹರಟಿದರು. ಬೆಳಿಗ್ಗೆ ಅವರ ಮನೆಯಲ್ಲಿ ಅಜ್ಜಿ ನನ್ನ ಕಿವಿಯಲ್ಲಿ ಒಂದು ವಿಷಯ ಹೇಳಿ ಕಳಿಸಿದ್ದರು. ಡಾಕ್ಟರು ತೂಕ ನೋಡಿ, ರಕ್ತದ ರಿಪೋರ್ಟು ನೋಡಿ, ಗುಳಿಗೆ ದಿನಾ ತಗೋತಿದ್ದೀರಾ ಎಂದು ಕೇಳಿದರು.

"ಒಂದು ದಿನವೂ ತಪ್ಪಿಸಲ್ಲ ಡಾಕ್ಟ್ರೇ" ಎಂದರು ಮೇಡಂ, ತರಗತಿಯಲ್ಲಿ ನಿಂತಷ್ಟೇ ಗಟ್ಟಿಯಾಗಿ.

"ಇಲ್ಲ ಡಾಕ್ಟ್ರೇ," ಎಂದೆ. "ವಾರಕ್ಕೆ ಎರಡು ದಿನ ತಪ್ಪಿಸ್ತಾರೆ. ಹಿತ್ತಲಲ್ಲಿ ಎಸೀತಾರಂತೆ."

ಮೇಡಂ ತಿರುಗಿ ನನ್ನನ್ನು ನುಂಗುವಂತೆ ನೋಡಿದರು. ನಾನು ಕಣ್ಣು ಕೆಳಗೆ ಮಾಡಲಿಲ್ಲ. ಅವರು ಸೆರಗು ಸರಿಮಾಡಿಕೊಂಡು ಡಾಕ್ಟರ ಕಡೆ ತಿರುಗಿದರು.

"ಬರ್ಕೊಳ್ಳಿ ಡಾಕ್ಟ್ರೇ, ಇವಳು ಹೇಳಿದ್ದೇ ಸರಿ" ಎಂದರು.